ಪಟ್ಟಿಯ ಕೊನೆಯ ಹೆಸರು

ಡಿಸೆಂಬರಿನಲ್ಲಿ ನಮ್ಮ ಹಲ್ ಬಂದರಿಗೆ
ಮೂರೂವರೆಗೇ ಕತ್ತಲು.
ಚರ್ಚಿನ ಹಿಂದಿನ ಕೊಠಡಿಯಲ್ಲಿ
ಹೀಟರು ಒಂದೇ, ಅದಕ್ಕೂ ಕೆಮ್ಮು.
ಉದ್ದ ಮೇಜಿನ ಮೇಲೆ ಬೀನ್ಸು, ಸೂಪು, ಪಾಸ್ತಾ,
ಯಾರಿಗೂ ಬೇಡದ ಬೀಟ್‌ರೂಟ್ ಉಪ್ಪಿನಕಾಯಿ.
ಕೊಡುವ ಕೈ ಮೊದಲು ಹೋಗುವುದು
ಕಪಾಟಿನ ಹಿಂಬದಿಗೆ.
ಇರಲಿ. ಆ ಉಪ್ಪಿನಕಾಯಿ ನನ್ನದೇ.

ನನ್ನ ಪಾಲಿಗೆ ರಿಜಿಸ್ಟರು:
ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು.
ಮೀನಿನ ಹರಾಜುಕಟ್ಟೆಯಲ್ಲಿ ಮೂವತ್ತು ವರ್ಷ
ಲೆಕ್ಕ ಬರೆದ ಕೈ ಇದು, ತಪ್ಪುವುದಿಲ್ಲ.

ಗುರುವಾರ ವಿಲ್ಫ್ ಸ್ಟಾದರ್ಸ್ ಬರುತ್ತಾನೆ.
ಹದಿನೈದಕ್ಕೇ ಹಡಗು ಹತ್ತಿ
ಐಸ್‌ಲ್ಯಾಂಡಿನಾಚೆ ಬಲೆ ಎಳೆದವನು.
ಎಂದೂ ಥ್ಯಾಂಕ್ಸ್ ಅಂದವನಲ್ಲ.
ಮೋಡ ನೋಡುವ ಹಾಗೆ ಪೆಟ್ಟಿಗೆಯನ್ನು ನೋಡಿ
‘ಸರಿ ಹಾಗಾದರೆ’ ಅನ್ನುತ್ತಾನೆ, ಹೊರಡುತ್ತಾನೆ.

ಹೊಸ ಹುಡುಗಿ ಟ್ಯಾಮ್ಸಿನ್‌ಗೆ ಸಿಟ್ಟು:
‘ಒಂದು ಮಾತಾಡಿದರೆ ಬಾಯಿ ಸವೆಯುತ್ತದೆಯೆ?’
ಹಂಗು ಬಲು ಭಾರ ಮಗು, ಅಂದೆ,
ಪೆಟ್ಟಿಗೆಯ ಜೊತೆ ಅದನ್ನೂ ಹೊತ್ತು
ಮೂರು ಮಹಡಿ ಹತ್ತಬೇಕು ಅವನು.
(ಹೀಗೆಲ್ಲ ಮಾತಾಡುವುದು ನನಗೆ ಇಷ್ಟ.)

ಕ್ರಿಸ್‌ಮಸ್ಸಿನ ಹಿಂದಿನ ಗುರುವಾರ
ಪೆಟ್ಟಿಗೆಗಳಿಗೆಲ್ಲ ಕೆಂಪು ರಿಬ್ಬನ್ನು.
ಬಾಗಿಲವರೆಗೆ ಹೋದ ವಿಲ್ಫ್ ತಿರುಗಿ ಬಂದ.
ಒಂದು ಡಬ್ಬಿ ಪೀಚ್ ಹಣ್ಣು ಹೊರತೆಗೆದು
ಮೇಜಿನ ಮೇಲೆ ನನ್ನತ್ತ ತಳ್ಳಿದ:
‘ಬೇರೆ ಯಾರಿಗಾದರೂ ಆಗಲಿ.’

ಪೆನ್ನು ನಿಂತಿತು.
ಹೋದದ್ದು ತಿರುಗಿ ಬಂದರೆ
ಬರೆಯಲು ಕಾಲಮ್ಮೇ ಇಲ್ಲ.

ಅಂದು ರಾತ್ರಿ ದಾನಿಗಳಿಗೆ ವಂದನೆ ಬರೆಯುತ್ತ
ಸೂಪರ್‌ಮಾರ್ಕೆಟ್ಟು, ಎರಡು ಶಾಲೆ, ಒಬ್ಬ ದಂತವೈದ್ಯ
ಎಲ್ಲ ಮುಗಿದ ಮೇಲೆ ಪಟ್ಟಿಯ ಕೊನೆಗೆ ಸೇರಿಸಿದೆ:
ವಿ. ಸ್ಟಾದರ್ಸ್. ಪೀಚ್. ಒಂದು.
ಕಣ್ಣು ಒದ್ದೆಯಾಯಿತು.
ಒಪ್ಪಿಕೊಳ್ಳುತ್ತೇನೆ, ಆ ಅಳು ಹಿತವಾಗಿತ್ತು.

ಇಪ್ಪತ್ತನಾಲ್ಕರ ಮಧ್ಯಾಹ್ನ ಕಾರ್ಡು ಹಿಡಿದು
ಮೂರು ಮಹಡಿ ಹತ್ತಿದೆ, ಎರಡು ಕಡೆ ನಿಂತು.
ಅವನ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ
ಸಾಲಾಗಿ ಡಬ್ಬಿಗಳು. ಅನಾನಸು, ಮಾಂಸ, ಬಟಾಣಿ,
ಅಕ್ಟೋಬರಿನಿಂದ ನಾನೇ ಬರೆದುಕೊಟ್ಟವು.
ಒಂದಕ್ಕೂ ಎಳೆಯುವ ಉಂಗುರವಿಲ್ಲ.
ಪಕ್ಕದಲ್ಲಿ ತುಕ್ಕು ಹಿಡಿದ ಓಪನರು,
ಮುರಿದ ಕಿವಿ.
ಅವನ ಬೆರಳೂ ಹಾಗೇ, ಕೊಕ್ಕೆಯಂತೆ ಬಾಗಿ ನಿಂತವು.

‘ಹೇಳಬಾರದಿತ್ತೆ?’ ಅಂದೆ.
‘ಕೊಟ್ಟದ್ದರಲ್ಲಿ ಹುಳುಕು ಎತ್ತೋದೆ?’ ಅಂದ.

ಇಳಿದೆ. ಹಾರ್ಡ್‌ವೇರ್ ಅಂಗಡಿಯವನು ಬೀಗ ಹಾಕುತ್ತಿದ್ದ.
ಕಾಡಿದೆ, ಕೊಂಡೆ, ಮತ್ತೆ ಹತ್ತಿದೆ.
ನನ್ನ ಚೀಲದಲ್ಲೇ ಇತ್ತು ಅವನ ಪೀಚು,
ಬೇರೆ ಯಾರಿಗೂ ಕೊಡಲು ಮನಸ್ಸಾಗದೆ.
ಕಟಕಟ ಒಂದು ಸುತ್ತು ತಿರುಗಿಸಿದೆ.
ಡಬ್ಬಿಯೊಳಗೆ ಇನ್ನೂ ಬೇಸಿಗೆಯಿತ್ತು.

ಇದ್ದೊಂದು ಬಟ್ಟಲು ನನಗೆ, ಡಬ್ಬಿ ಅವನಿಗೆ.
ಕಾರ್ಡು ಓದಿದ. ‘ದಾನಿ’ ಎಂಬಲ್ಲಿ ತಡೆದು ನಕ್ಕ,
ಹಲ್ಲಿನ ಸಂದಿಯಲ್ಲಿ ಹಣ್ಣಿನ ನಾರು.
‘ತೆರೆಯಲಾಗದ್ದನ್ನು ಕೊಟ್ಟೆ ಮೇವಿಸ್, ಅದೂ ಒಂದು ದಾನವೆ?’

ನನ್ನ ಬೀಟ್‌ರೂಟ್ ನೆನಪಾಯಿತು.
ಸುಮ್ಮನೆ ರಸ ಕುಡಿದೆ.

ಕೋಟು ತೊಟ್ಟು, ಏನಾದರೂ ಅನ್ನಬೇಕೆಂದು ನಿಂತೆ,
ಒಳ್ಳೆಯ ಮಾತು, ಹಬ್ಬಕ್ಕೆ ತಕ್ಕದ್ದು.
ಬಾಯಿಗೆ ಬಂದದ್ದು:
‘ಸರಿ ಹಾಗಾದರೆ.’

ಅವನ ಹೆಸರು ಹೊಡೆದುಹಾಕಿಲ್ಲ.
ಅದರ ಕೆಳಗೆ, ಇದುವರೆಗೆ ಇಲ್ಲದ ಒಂದು ಕಾಲಮ್ಮು ಗೀಚಿ
ಬರೆದೆ: ಓಪನರು. ಬೇಕು. ನಲವತ್ತು.
ಆಮೇಲೆ ಬೆಳಕಿಗೆ ಹಿಡಿದು ನೋಡಿದರೆ
ಪುಟದ ತುದಿಗೆ ಸಕ್ಕರೆಪಾಕದ ಹೆಬ್ಬೆಟ್ಟು,
ನನ್ನದೋ ಅವನದೋ.